ಚುಕ್ಕಿ ಬೇರೆ, ಮನೆ ಬೇರೆ

ತಿದ್ದಮ್ಮ ಎಂದು ಆಕೆಗೆ ಮೊದಲು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಹೆಸರಂತೂ ಅಂಟಿಕೊಂಡು ಮೂವತ್ತು ವರ್ಷ ದಾಟಿತ್ತು. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಫೋಟೋ ಸ್ಟುಡಿಯೋ. ಅಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಜನರ ಮುಖಗಳನ್ನು ತಿದ್ದುವುದು ಆಕೆಯ ಕಸುಬು. ಮೊದಮೊದಲು ನೆಗೆಟಿವ್ ಮೇಲೆ ಸೂಜಿಮೊನೆಯಂಥ ಪೆನ್ಸಿಲ್ಲಿನಿಂದ ತಿದ್ದುತ್ತಿದ್ದಳು, ಆಮೇಲೆ ಕಂಪ್ಯೂಟರ್ ಬಂತು, ಅದರಲ್ಲೂ ಕೈ ಪಳಗಿತು. ನಿದ್ದೆಗೆಟ್ಟವರ ಕಣ್ಣಡಿಯ ಕಪ್ಪು ತೆಗೆಯುತ್ತಿದ್ದಳು, ಸೊಟ್ಟಗಾದ ಕಾಲರ್ ನೆಟ್ಟಗೆ ಮಾಡುತ್ತಿದ್ದಳು. ಮಚ್ಚೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಚ್ಚೆ ತೆಗೆದರೆ ಮನೆಯವರೇ ಗುರುತು ಹಿಡಿಯೋದಿಲ್ಲ ಎನ್ನುವುದು ಆಕೆಯ ವಾದ.

ಸ್ಟುಡಿಯೋಕ್ಕೆ ಬರುವ ಮುಂಚೆ ಎಂಟು ವರ್ಷ ಮುದ್ರಣಾಲಯವೊಂದರಲ್ಲಿ ದುಡಿದಿದ್ದಳು. ಅಲ್ಲಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬೀಳುವ ಹಾಳೆಗಳ ಮೇಲೆ ಭೂತಗನ್ನಡಿ ಇಟ್ಟು, ಮಸಿ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ. ಹಾಗಾಗಿ ಚಿತ್ರ ಎನ್ನುವುದನ್ನು ಆಕೆ ಎರಡೂ ಕಡೆಯಿಂದ ಬಲ್ಲಳು, ಅದು ಹುಟ್ಟುವ ಪರದೆಯ ಕಡೆಯಿಂದ ಮತ್ತು ಅದು ಹೋಗಿ ಕೂರುವ ಕಾಗದದ ಕಡೆಯಿಂದ. ಆದರೆ ಇದನ್ನೊಂದು ವಿದ್ಯೆ ಎಂದು ಆಕೆ ಯಾವತ್ತೂ ಲೆಕ್ಕಕ್ಕೆ ಹಿಡಿದವಳಲ್ಲ.

ವಿದ್ಯೆಯೆಲ್ಲ ಅಕ್ಕನ ಮಗಳದ್ದು. ಆ ಮಗಳನ್ನು ಕಾಲೇಜಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು. ತಿದ್ದಮ್ಮನಿಗೆ ಮಾತ್ರ ಅವಳು ನಲವತ್ತು ತುಂಬಿದರೂ ಗುಬ್ಬಿಯೇ. ಅಕ್ಕ ದೂರದ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು, ಪಾಳಿಯ ಮೇಲೆ ಪಾಳಿ. ಹಾಗಾಗಿ ಎಂಟನೇ ವಯಸ್ಸಿನಿಂದ ಹದಿನೆಂಟರ ತನಕ ಗುಬ್ಬಿ ಬೆಳೆದದ್ದು ಚಿಕ್ಕಮ್ಮನ ಕೈಯಲ್ಲಿ. ಈಗ ಅವಳು ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಮಾಡುತ್ತಿದ್ದಳು. ಆ ವಿಷಯಕ್ಕೆ ನಮ್ಮ ಭಾಷೆಯಲ್ಲೊಂದು ಪಠ್ಯಪುಸ್ತಕ ಬರೆಯುವ ಹೊಣೆ ಅವಳ ಹೆಗಲಿಗೆ ಬಿದ್ದಿತ್ತು. ಪುಸ್ತಕಕ್ಕಿಂತ ಮೊದಲು ಪದಪಟ್ಟಿ ಬೇಕು, ಪಟ್ಟಿಯನ್ನು ಸಮಿತಿ ಒಪ್ಪಬೇಕು, ಆಮೇಲೆ ಉಳಿದದ್ದು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಗುಬ್ಬಿ ಸ್ಟುಡಿಯೋಕ್ಕೆ ಬರುತ್ತಿದ್ದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಪಟ್ಟಿ ಹರಡಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಮೊದಲ ದಿನ ಓದಿದ್ದನ್ನು ಕೇಳಿ ತಿದ್ದಮ್ಮನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಪಿಕ್ಸೆಲ್ಲಿಗೆ ದೃಶ್ಯಾಣುಘಟಕ. ರೆಸಲ್ಯೂಷನ್ನಿಗೆ ಪೃಥಕ್ಕರಣ ಸಾಮರ್ಥ್ಯ. ವೆಕ್ಟರ್ ಚಿತ್ರಕ್ಕೆ ಸದಿಶರೇಖಾಕೃತಿ.

ತಿದ್ದಮ್ಮ ಲೋಟ ಕೆಳಗಿಟ್ಟಳು. "ಮೊದಲನೇದನ್ನ ಐದು ಸಲ ಬೇಗಬೇಗ ಹೇಳು ನೋಡೋಣ."

ಮೂರನೆಯ ಸಲಕ್ಕೆ ಗುಬ್ಬಿಯ ನಾಲಿಗೆ ತೊಡರಿಕೊಂಡಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕೆಳಗಿನ ಬೀಗದ ಅಂಗಡಿಯವನು ಮೆಟ್ಟಿಲ ತಳದಿಂದ ಏನಾಯಿತೆಂದು ಕೂಗಿ ಕೇಳುವಷ್ಟು ನಕ್ಕರು.

ಅಂದಿನಿಂದ ಗುಬ್ಬಿ ಓದುವುದನ್ನು ಬಿಟ್ಟು ಕೇಳಲು ಶುರುಮಾಡಿದಳು. ಇದಕ್ಕೆ ನೀನೇನಂತೀಯ, ಅದಕ್ಕೇನಂತೀಯ ಎಂದು. ತಿದ್ದಮ್ಮನಿಗೆ ಮೊದಲು ನಾಚಿಕೆ. ಅಂಗಡಿ ಮಾತನ್ನೆಲ್ಲ ಪುಸ್ತಕಕ್ಕೆ ಹಾಕ್ತಾರೇನೇ ಎಂದು ಕೈ ಅಡ್ಡ ಹಿಡಿದಳು. ಆಮೇಲೆ ಒಂದೊಂದಾಗಿ ಹೊರಬಂದವು. ಚಿಕ್ಕ ಫೋಟೋವನ್ನು ಎಳೆದು ದೊಡ್ಡದು ಮಾಡಿದಾಗ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದಲ್ಲ, ಅದಕ್ಕೆ ಆಕೆ ಒಡೆಯೋದು ಎನ್ನುತ್ತಿದ್ದಳು, ಹಾಲು ಒಡೆದ ಹಾಗೆ. ಗೆರೆಗಳ ಲೆಕ್ಕದಿಂದಲೇ ಕಟ್ಟಿದ, ಎಷ್ಟು ಎಳೆದರೂ ಒಡೆಯದ ವೆಕ್ಟರ್ ಚಿತ್ರ ಗೆರೆಚಿತ್ರ. ಸಹಿ, ಮೊಹರು ಮುಂತಾದವನ್ನು ಸ್ಕ್ಯಾನ್ ಮಾಡಿದಾಗ ಬೂದು ಬಣ್ಣವೇ ಇಲ್ಲದೆ ಬರೀ ಕಪ್ಪು, ಬರೀ ಬಿಳಿಯಾಗಿ ಬರುವಂಥದ್ದು ಇದೆ-ಇಲ್ಲ ಚಿತ್ರ. ಒಂದೊಂದು ಜಾಗದಲ್ಲೂ ಕಪ್ಪು ಇದ್ದರೆ ಇದೆ, ಇಲ್ಲವೆಂದರೆ ಇಲ್ಲ, ನಡುವಿನ ಮಾತಿಲ್ಲ.

ಇದನ್ನು ಕೇಳಿ ಗುಬ್ಬಿ ಸ್ಟೂಲಿನಿಂದ ಎದ್ದೇಬಿಟ್ಟಳು. ಬಿಟ್‌ಮ್ಯಾಪ್ ಎಂದರೆ ನಿಜವಾಗಿ ಅದೇ, ಪ್ರತಿ ಜಾಗಕ್ಕೂ ಬರೀ ಹೌದು ಅಥವಾ ಅಲ್ಲ, ಜನ ಬಣ್ಣದ ಚಿತ್ರಕ್ಕೂ ಅದೇ ಹೆಸರು ಹೇಳಿ ಕಲಸುಮೇಲೋಗರ ಮಾಡಿದ್ದಾರೆ, ನಿನಗೆ ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಮಾಡುವಾಗ ಕರೆಯಲಿಕ್ಕೆ ಒಂದು ಹೆಸರು ಬೇಕಾಗಿತ್ತು, ಇಟ್ಟುಕೊಂಡಿದ್ದಳು.

ರೆಸಲ್ಯೂಷನ್ನಿಗೆ, ಅಂದರೆ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎನ್ನುವುದಕ್ಕೆ, ಒತ್ತು ಎಂದು ತಿದ್ದಮ್ಮ ಹೇಳಿದ್ದು ಮಾತ್ರ ಪಾಸಾಗಲಿಲ್ಲ. ಕೂದಲು ಒತ್ತಾಗಿದೆ ಅನ್ನೋದಿಲ್ಲವೇ, ಹಾಗೆ ಎಂದಳು. ಗುಬ್ಬಿ ಒಂದು ಗಳಿಗೆ ಯೋಚಿಸಿ, ಹಾಗಾದರೆ ಪಾಠದಲ್ಲಿ "ಒತ್ತು ಹೆಚ್ಚಿಸಲು ಗುಂಡಿ ಒತ್ತು" ಅಂತ ಬರೆಯಬೇಕಾಗುತ್ತೆ ಎಂದಳು. ಅಲ್ಲಿಗೆ ಅದು ಬಿದ್ದುಹೋಗಿ, ದಟ್ಟಣೆ ಉಳಿಯಿತು.

ಹೀಗೆ ಎಲ್ಲ ಹಸನಾಗಿ ನಡೆಯುತ್ತಿದ್ದಾಗ ಎಡವಟ್ಟಾಯಿತು. ಮುದ್ರಣಾಲಯದಲ್ಲಿ ಚಿತ್ರದ ನಯವನ್ನು ಹೇಗೆ ಅಳೆಯುತ್ತಿದ್ದಿರಿ ಎಂದು ಗುಬ್ಬಿ ಒಂದು ಶನಿವಾರ ಕೇಳಿದಳು. ಅಂಗುಲಕ್ಕೆ ಇಷ್ಟು ಚುಕ್ಕಿ ಅಂತ ನೋಡ್ತಿದ್ವಿ ಎಂದಳು ತಿದ್ದಮ್ಮ. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಗಿರಾಕಿ ಬಂದರು. ಮಾತು ಅರ್ಧಕ್ಕೇ ನಿಂತಿತು.

ಮುಂದಿನ ಶನಿವಾರ ಗುಬ್ಬಿ ಬಂದಾಗ ಮುಖವೆಲ್ಲ ಬೆಳಕು. ಪಟ್ಟಿಯ ತಲೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದಳು. ಪಿಕ್ಸೆಲ್ ಎಂದರೆ ಚುಕ್ಕಿ, ಪಿಕ್ಸೆಲ್ಲುಗಳಿಂದಾದ ಚಿತ್ರ ಚುಕ್ಕಿಚಿತ್ರ. ಮುನ್ನುಡಿಯಲ್ಲಿ ಒಂದು ಸಾಲನ್ನೂ ಸೇರಿಸಿದ್ದಳು, ಈ ಪುಸ್ತಕದ ಮೊದಲ ಪದವನ್ನು ನನಗೆ ಕೊಟ್ಟವರು ನನ್ನ ಚಿಕ್ಕಮ್ಮ ಎಂದು.

ತಿದ್ದಮ್ಮ ಆ ಸಾಲನ್ನು ಎರಡು ಸಲ ಓದಿದಳು. ಕಣ್ಣಿಗೆ ಧೂಳು ಬಿದ್ದ ಹಾಗೆ ಏನೋ ಒತ್ತಿತು. ತಾನು ಹೇಳಿದ್ದು ಕಾಗದದ ಮೇಲಿನ ಮಸಿಯ ಚುಕ್ಕಿಯನ್ನು. ಕಂಪ್ಯೂಟರಿನೊಳಗೆ ಇರುವುದನ್ನು ಆಕೆ ಯಾವತ್ತೂ ಚುಕ್ಕಿ ಎಂದು ಕರೆದಿರಲಿಲ್ಲ. ಹೇಳಲೆಂದು ಬಾಯಿ ತೆರೆದವಳು ಗುಬ್ಬಿಯ ಮುಖ ನೋಡಿ ಮುಚ್ಚಿಕೊಂಡಳು. ಅಷ್ಟು ಖುಷಿಯಾಗಿ ಆ ಹುಡುಗಿಯನ್ನು ಆಕೆ ನೋಡಿ ಬಹಳ ದಿನವಾಗಿತ್ತು. ಹೋಗಲಿ, ಏನು ಮುಳುಗಿಹೋಗುತ್ತೆ ಎಂದುಕೊಂಡಳು. ಜೀವಮಾನವೆಲ್ಲ ಕಂಡ ತಪ್ಪನ್ನು ತಿದ್ದುತ್ತಾ ಬಂದವಳು ಅಂದು ಒಂದನ್ನು ಕಂಡೂ ಕಾಣದ ಹಾಗೆ ಬಿಟ್ಟಳು.

ಮೂರು ವಾರ ಕಳೆಯಿತು. ಪಟ್ಟಿಯ ಜೊತೆ ಸಮಿತಿಗೆ ತೋರಿಸಲೆಂದು ಮಾಡಿಸಿದ ಎರಡನೆಯ ಅಧ್ಯಾಯದ ಮಾದರಿ ಪುಟಗಳು ಮುದ್ರಣಾಲಯದಿಂದ ಬಂದವು. ಅದರಲ್ಲಿ ಸ್ಟುಡಿಯೋ ಮೆಟ್ಟಿಲ ಮೇಲೆ ಮಲಗಿದ ಬೆಕ್ಕಿನ ಒಂದೇ ಫೋಟೋ ಮೂರು ಸಲ ಬರಬೇಕಿತ್ತು, ಅಂಗುಲಕ್ಕೆ ಎಪ್ಪತ್ತೆರಡು ಪಿಕ್ಸೆಲ್, ಮೂವತ್ತಾರು ಪಿಕ್ಸೆಲ್, ಹದಿನೆಂಟು ಪಿಕ್ಸೆಲ್. ಗುಬ್ಬಿ ಪುಟದಲ್ಲಿ ಬರೆದದ್ದು ಮಾತ್ರ ತನ್ನ ಹೊಸ ಪದವನ್ನು, ಚುಕ್ಕಿ ಎಂದು. ಕಡಿಮೆಯಾದಂತೆ ಬೆಕ್ಕು ಚೌಕ ಚೌಕವಾಗಿ ಒಡೆಯುವುದನ್ನು ಮಕ್ಕಳು ಕಣ್ಣಾರೆ ಕಾಣಲಿ ಎಂದು ಗುಬ್ಬಿಯ ಉದ್ದೇಶ. ಬಂದದ್ದೇ ಬೇರೆ. ಚೌಕಗಳ ಸುಳಿವೇ ಇಲ್ಲ. ಕೊನೆಯ ಚಿತ್ರದಲ್ಲಂತೂ ಬೆಕ್ಕಿನ ಬದಲು ಸಣ್ಣದೂ ದೊಡ್ಡದೂ ಆದ ದುಂಡನೆಯ ಮಸಿಬೊಟ್ಟುಗಳು, ಯಾರೋ ಕರಿಮೆಣಸು ಚೆಲ್ಲಿದ ಹಾಗೆ.

ಗುಬ್ಬಿ ಕೆಂಡಾಮಂಡಲವಾಗಿ ಸ್ಟುಡಿಯೋಕ್ಕೆ ಬಂದಳು. ಮುದ್ರಕನಿಗೆ ತಲೆ ನೆಟ್ಟಗಿಲ್ಲ, ಕಳಿಸಿದ ಮೂರು ಫೈಲನ್ನೂ ಬಿಟ್ಟು ತನಗೆ ತೋಚಿದ್ದು ಮಾಡಿದ್ದಾನೆ ಎಂದು ಒಂದೇ ಉಸಿರಿಗೆ ಬೈದಳು. ತಿದ್ದಮ್ಮ ಡ್ರಾಯರಿನಿಂದ ಭೂತಗನ್ನಡಿ ತೆಗೆದು ಹಾಳೆಯ ಮೇಲಿಟ್ಟು ಬಗ್ಗಿದಳು. ಬಗ್ಗಿದ ಕೂಡಲೇ ಏನಾಗಿದೆ, ಯಾಕಾಗಿದೆ ಎರಡೂ ಗೊತ್ತಾಯಿತು. ಮರುದಿನ ಸಮಿತಿಯ ಸಭೆ, ಮುದ್ರಕನೂ ಬರುತ್ತಾನೆ, ನೀನೂ ಬಂದು ಹೇಳು, ಕೆಲಸ ಬಲ್ಲವರ ಮಾತಿಗೆ ತೂಕ ಇರುತ್ತೆ ಎಂದು ಗುಬ್ಬಿ ಕೇಳಿಕೊಂಡಳು. ಆಗಲೇ ಹೇಳಿಬಿಡಬಹುದಿತ್ತು. ಅವಳ ಸಿಟ್ಟು ಇಳಿಯಲಿ, ಬೆಳಿಗ್ಗೆ ದಾರಿಯಲ್ಲಿ ಹೇಳೋಣ ಎಂದುಕೊಂಡಳು. ಬೆಳಿಗ್ಗೆ ಬಸ್ಸಿನಲ್ಲಿ ಕೂರಲು ಒಂದೇ ಸೀಟು ಸಿಕ್ಕಿತು. ಗುಬ್ಬಿ ಮುಂದೆ ನಿಂತಳು, ತಿದ್ದಮ್ಮ ಹಿಂದೆ ಕೂತಳು. ಅಷ್ಟು ದೂರದಿಂದ ಕೂಗಿ ಹೇಳುವ ಮಾತು ಅದಾಗಿರಲಿಲ್ಲ.

ಸಭೆ ನಡೆದದ್ದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಒಂದು ಕಾಲು ಗಿಡ್ಡವಾದ ಉದ್ದನೆಯ ಮೇಜು, ಯಾರು ಮೊಣಕೈ ಊರಿದರೂ ಎಲ್ಲರ ಲೋಟವೂ ಅಲುಗುತ್ತಿತ್ತು. ಅಧ್ಯಕ್ಷರು ಭಾಷಾಶಾಸ್ತ್ರ ಓದಿಯೇ ತಲೆ ನರೆಸಿಕೊಂಡವರು, ಮಾತು ಕಡಿಮೆ, ಕಿವಿ ಚುರುಕು. ಗುಬ್ಬಿ ಪುಟಗಳನ್ನು ಅವರ ಮುಂದೆ ಹರಡಿ ದೂರು ಹೇಳಿದಳು. ಮುದ್ರಕ ಸಾಧು ಮನುಷ್ಯ, ತಪ್ಪಿತಸ್ಥನ ಹಾಗೆ ಕೈಕಟ್ಟಿ ಕೂತಿದ್ದ. ಅವನು ಹೇಳಿದ್ದಿಷ್ಟು. ಮೇಡಂ ಕಳಿಸಿದ ಮೂರೂ ಫೈಲು ಒಡೆದುಹೋಗಿದ್ದವು. ಪಾಪ, ಎಲ್ಲೋ ಕೆಟ್ಟಿವೆ ಎಂದುಕೊಂಡು, ಅಧ್ಯಾಯದ ಮೊದಲ ಪುಟಕ್ಕೆಂದು ಬೇರೆಯಾಗಿ ಕಳಿಸಿದ್ದ, ಒಡೆಯದ ಬೆಕ್ಕಿನ ಫೋಟೋವನ್ನೇ ತೆಗೆದುಕೊಂಡು, ಮೇಡಂ ಬರೆದ ಪ್ರಕಾರ ಅಂಗುಲಕ್ಕೆ ಎಪ್ಪತ್ತೆರಡು, ಮೂವತ್ತಾರು, ಹದಿನೆಂಟು ಚುಕ್ಕಿ ಬರುವ ಹಾಗೆ ಮಸಿ ಹಾಕಿದೆ. ಅಷ್ಟು ದಪ್ಪ ಚುಕ್ಕಿ ಯಾಕೆ ಬೇಕಿತ್ತೋ ನನಗೂ ತಿಳಿಯಲಿಲ್ಲ ಎಂದ.

ಅಧ್ಯಕ್ಷರು ತಿದ್ದಮ್ಮನ ಕಡೆ ತಿರುಗಿದರು. "ನೀವು ಎರಡೂ ಕೆಲಸ ಮಾಡಿದವರಂತೆ. ಯಾರದ್ದು ತಪ್ಪು?"

ಗುಬ್ಬಿ ಭರವಸೆಯಿಂದ ಚಿಕ್ಕಮ್ಮನನ್ನೇ ನೋಡುತ್ತಿದ್ದಳು. ತಿದ್ದಮ್ಮನಿಗೆ ಆ ನೋಟ ಎದುರಿಸಲಾಗಲಿಲ್ಲ. ನೋಡಿ ಮುಗಿಸಿದ್ದ ಪುಟವನ್ನೇ ಇನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿದಳು, ಅಷ್ಟು ಹೊತ್ತಾದರೂ ಸಿಗಲಿ ಎಂದು.

"ಇಬ್ಬರದ್ದೂ ಅಲ್ಲ," ಎಂದಳು ಕೊನೆಗೆ. "ಮಾತು ತಪ್ಪಾಗಿದೆ. ಆ ಮಾತು ಹೋದದ್ದು ನನ್ನ ಕಡೆಯಿಂದ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಚುಕ್ಕಿ ಅಂದರೆ ಮುದ್ರಣದವರಿಗೆ ಮಸಿಯದ್ದು. ಗಾಢವಾಗಿರುವ ಕಡೆ ಅದು ಉಬ್ಬುತ್ತೆ, ತಿಳಿಯಾಗಿರುವ ಕಡೆ ಸೊರಗುತ್ತೆ, ಮಸಿಯ ಬಣ್ಣ ಮಾತ್ರ ಅದೇ. ಕಂಪ್ಯೂಟರಿನಲ್ಲಿರುವುದು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. ಎಲ್ಲವೂ ಒಂದೇ ಅಳತೆ, ಬಣ್ಣ ಮಾತ್ರ ಬೇರೆ ಬೇರೆ. ಒಂದರ ಹೆಸರು ಇನ್ನೊಂದಕ್ಕೆ ಇಟ್ಟರೆ ಹೀಗೇ ಆಗುವುದು. ಇವರು ಬರೆದದ್ದೂ ಸರಿ, ಅವರು ಓದಿಕೊಂಡದ್ದೂ ಸರಿ.

ಗುಬ್ಬಿ ಮುಖ ತಗ್ಗಿಸಿ ಕಾಗದಗಳ ಅಂಚು ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೆ ಮತ್ತೆ ಜೋಡಿಸಿದಳು.

ಹಾಗಾದರೆ ಕಂಪ್ಯೂಟರಿನಲ್ಲಿರುವುದಕ್ಕೆ ನೀವು ಏನೆನ್ನುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಮನೆ ಎಂದಳು ತಿದ್ದಮ್ಮ. ಮೇಜಿನ ಆ ತುದಿಯಲ್ಲಿದ್ದ ಸದಸ್ಯರೊಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಚದುರಂಗದ ಹಾಸಿನಲ್ಲಿ ಕಾಯಿ ಕೂರುವುದೂ ಮನೆಯೇ, ಅಂಗಿಯ ಗುಂಡಿ ಕೂರುವುದಕ್ಕೂ ದರ್ಜಿಗಳು ಮನೆ ಎನ್ನುತ್ತಾರೆ, ಏನಾದರೂ ಒಂದು ಬಂದು ಕೂರುವ ಜಾಗಕ್ಕೆಲ್ಲ ನಾವು ಹಾಗೇ ಕರೆಯುವುದು ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಪೆನ್ಸಿಲ್ಲಿನಿಂದ ಬರೆದುಕೊಂಡರು.

ಆಗ ಗುಬ್ಬಿ ತಲೆಯೆತ್ತಿದಳು. ದನಿ ಮಂಜುಗಡ್ಡೆಯ ಹಾಗಿತ್ತು. "ಮನೆ ಅಂದ್ರೆ ಮಕ್ಕಳು ನಾಲ್ಕು ಗೋಡೆ ಅಂದ್ಕೋತಾರೆ. ಪಿಕ್ಸೆಲ್‌ಗೆ ಗೋಡೆ ಇಲ್ಲ. ಇಂಥ ಜಾಗದಲ್ಲಿ ಇಂಥ ಬಣ್ಣ ಅನ್ನೋ ಅಂಕಿ ಇದೆ, ಅಷ್ಟೇ. ಚೌಕವಾಗಿ ಕಾಣೋದು ಪರದೆ ಅದನ್ನ ಹಾಗೆ ತೋರಿಸೋದ್ರಿಂದ."

ಅದೂ ಸರಿಯೇ. ಅಂಥ ಇಕ್ಕಟ್ಟಿನಲ್ಲೂ ತಿದ್ದಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ವರ್ಷ ದಿನಾ ಕಣ್ಣಿಗೆ ಬೀಳುತ್ತಿದ್ದ ಆ ಚೌಕಗಳನ್ನು ಆಕೆ ನಿಜವೆಂದೇ ನಂಬಿದ್ದಳು. ಅಧ್ಯಕ್ಷರು ಇಬ್ಬರನ್ನೂ ನೋಡಿ, ಒಂದು ವಾರ ಬಿಟ್ಟು ಸೇರೋಣ, ಅಷ್ಟರಲ್ಲಿ ನೀವೇ ಕೂತು ಇತ್ಯರ್ಥ ಮಾಡಿಕೊಂಡು ಬನ್ನಿ ಎಂದರು.

ವಾಪಸು ಬರುವಾಗ ಬಸ್ಸು ಖಾಲಿ. ಪಕ್ಕಪಕ್ಕವೇ ಕೂತರು. ತನ್ನ ನಿಲ್ದಾಣ ಬಂದಾಗ ಗುಬ್ಬಿ ಬರ್ತೀನಿ ಎಂದು ಮಾತ್ರ ಹೇಳಿ ಇಳಿದುಹೋದಳು.

ಆ ಶನಿವಾರ ಅವಳು ಬರಲಿಲ್ಲ. ತಿದ್ದಮ್ಮ ಮಧ್ಯಾಹ್ನದಿಂದ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಕೈ ಕೆಲಸದಲ್ಲಿತ್ತು, ಮನಸ್ಸು ಇರಲಿಲ್ಲ. ಸಂಜೆ ಸ್ಟುಡಿಯೋದ ಯಜಮಾನರು ಬಂದು, ಇದೇನಮ್ಮ, ನಮ್ಮ ಬ್ಯಾಂಕ್ ಮ್ಯಾನೇಜರರ ಗಲ್ಲದ ಮಚ್ಚೆ ಎಲ್ಲಿ ಹೋಯ್ತು ಎಂದು ಕೇಳಿದಾಗಲೇ ಆಕೆಗೆ ಗೊತ್ತಾದದ್ದು. ಮೂವತ್ತು ವರ್ಷದಲ್ಲಿ ಮೊದಲ ಸಲ ಮಚ್ಚೆ ಅಳಿಸಿದ್ದಳು. ಕಣ್ಣು ತುಂಬಿ ಬಂತು. ಯಜಮಾನರು ಗಾಬರಿಯಾಗಿ, ಇರಲಿ ಬಿಡಿ, ಅವರಿಗೂ ಇಷ್ಟವಾಗಬಹುದು ಎಂದು ಸಮಾಧಾನ ಮಾಡಿದರು. ಆಕೆ ಮಚ್ಚೆಯನ್ನು ಇದ್ದ ಜಾಗದಲ್ಲೇ ವಾಪಸು ಕೂರಿಸಿ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆರೆಯುವಾಗಲೇ ಗುಬ್ಬಿ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲೇಜಿಗೆ ರಜೆ ಹಾಕಿದ್ದಳು. ಒಳಗೆ ಬಂದು, ಸ್ಟೂಲು ಎಳೆದುಕೊಂಡು, ಚಿಕ್ಕಮ್ಮನ ಮೇಜಿನ ಪಕ್ಕಕ್ಕೇ ಹಾಕಿ ಕೂತಳು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ನೀನು ಮುನ್ನುಡಿ ತೋರಿಸಿದೆಯಲ್ಲ, ಅವತ್ತೇ."

"ಮೂರು ವಾರ ಸುಮ್ನಿದ್ದೆ."

"ನೀನು ಖುಷಿಯಾಗಿದ್ದೆ," ಎಂದಳು ತಿದ್ದಮ್ಮ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಕಾರಣ ಎಂದು ಆಕೆಗೇ ಕೇಳಿಸಿತು.

ಎಲ್ಲರ ಮುಂದೆ ತಿದ್ದಿದ್ದಕ್ಕೆ ನನಗೆ ಸಿಟ್ಟಿಲ್ಲ ಎಂದಳು ಗುಬ್ಬಿ. ಆ ಹೊತ್ತಿಗೆ ನೀನು ಸುಮ್ಮನಿದ್ದಿದ್ದರೆ ಸಾವಿರ ಪುಸ್ತಕದಲ್ಲಿ ಆ ತಪ್ಪು ಅಚ್ಚಾಗುತ್ತಿತ್ತು. ಊರಿನವರ ಮುಖವನ್ನೆಲ್ಲ ತಿದ್ದುತ್ತೀಯ, ದಾರಿಯಲ್ಲಿ ಹೋಗುವವರ ಅಂಗಿ ಮಡಿಕೆ ಕೂಡ ನಿನಗೆ ತಡೆಯೋದಿಲ್ಲ. "ನನ್ನೊಬ್ಬಳನ್ನ ತಿದ್ದೋಕೆ ಏನಾಗಿತ್ತು ನಿಂಗೆ? ನಾನೇನು ಗಿರಾಕೀನಾ?"

ತಿದ್ದಮ್ಮ ಕೈ ಚಾಚಿ ಆ ಹುಡುಗಿಯ ಜಾರಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಅದರಲ್ಲಿ ಎರಡು ಮೂರು ಎಳೆ ಬೆಳ್ಳಗಾಗಿದ್ದವು. ಎಂಟು ವರ್ಷದ ಮಗುವನ್ನು ಸಾಕುವಾಗ ಸಾವಿರ ಸಲ ಗದರಿದ್ದವಳು, ಮೇಡಂ ಆದ ಮೇಲೆ ಒಂದು ಸಲವೂ ಗದರಿರಲಿಲ್ಲ. ಯಾವಾಗ ನಿಲ್ಲಿಸಿದೆ ಎಂದು ಆಕೆಗೇ ನೆನಪಾಗಲಿಲ್ಲ. ಓದಿದವಳು ಎಂಬ ಅಳುಕು ನಡುವೆ ಬಂದು ಕೂತಿತ್ತು.

"ಇನ್ನು ಮೇಲೆ ಬಿಡೋಲ್ಲ," ಎಂದಳು.

ಇಡೀ ದಿನ ಇಬ್ಬರೂ ಪಟ್ಟಿ ಮುಂದಿಟ್ಟುಕೊಂಡು ಕೂತರು. ನಡುವೆ ಬಂದ ಗಿರಾಕಿಗಳನ್ನು ಯಜಮಾನರೇ ನೋಡಿಕೊಂಡರು. ಚುಕ್ಕಿ ಮಸಿಗೇ ಹೋಯಿತು. ಪಿಕ್ಸೆಲ್ ಎನ್ನುವುದು ಎಲ್ಲರ ಬಾಯಲ್ಲೂ ಆಡುವ ಮಾತು, ಅದು ಪಿಕ್ಸೆಲ್ಲಾಗಿಯೇ ಇರಲಿ ಎಂದು ತಿದ್ದಮ್ಮನೇ ಹೇಳಿದಳು. ಮನೆಯನ್ನು ಬಿಟ್ಟುಕೊಡಲು ಆಕೆಗೆ ಸಂಕಟವಾಯಿತು, ನಿಜ. ಆದರೆ ಗೋಡೆ ಇಲ್ಲದ್ದನ್ನು ಮನೆ ಎನ್ನಬಾರದು ಎಂಬುದು ಮನಸ್ಸಿಗೆ ನಾಟಿತ್ತು. ಈಗ ಗುಬ್ಬಿಯೇ ಹಟ ಹಿಡಿದಳು. ಪಿಕ್ಸೆಲ್ಲುಗಳು ಕೂರುವ ಹಾಸು ಹೇಗಿರುತ್ತೆ ಎಂದು ಮಕ್ಕಳಿಗೆ ಮೊದಲ ದಿನ ಹೇಳಲು ಅದಕ್ಕಿಂತ ಒಳ್ಳೆಯ ಮಾತಿಲ್ಲ. ಹಾಗಾಗಿ ಪದಪಟ್ಟಿಯಲ್ಲಿ ಅಲ್ಲದಿದ್ದರೂ ಪಾಠದಲ್ಲಿ ಅದು ಉಳಿಯಿತು: ಚದುರಂಗದ ಹಾಸಿನಲ್ಲಿ ಮನೆಗಳಿದ್ದಂತೆ ಚಿತ್ರದಲ್ಲಿ ಪಿಕ್ಸೆಲ್ಲುಗಳ ಜಾಗ, ಆದರೆ ಹಾಸಿನ ಗೆರೆಗಳನ್ನು ಅಳಿಸಿಬಿಟ್ಟೆವೆಂದು ಎಣಿಸಿಕೊಳ್ಳಿ. ಚುಕ್ಕಿಚಿತ್ರ ಹೋಗಿ ಪಿಕ್ಸೆಲ್‌ಚಿತ್ರ ಬಂತು. ಗೆರೆಚಿತ್ರ, ಇದೆ-ಇಲ್ಲ ಚಿತ್ರ, ಒಡೆಯುವುದು ಇದ್ದ ಹಾಗೇ ಉಳಿದವು. ಮುನ್ನುಡಿಯ ಆ ಸಾಲನ್ನು ತೆಗೆದುಬಿಡು ಎಂದು ತಿದ್ದಮ್ಮ ಎಷ್ಟು ಹೇಳಿದರೂ ಗುಬ್ಬಿ ಕೇಳಲಿಲ್ಲ. ನನಗೆ ಕೊಟ್ಟವರು ಎಂಬುದನ್ನು ಹೊಡೆದು, ತಿದ್ದಿದವರು ಎಂದು ಮಾಡಿದಳು.

ಸಮಿತಿಯಲ್ಲಿ ಈ ಸಲ ತಕರಾರು ಬಂದದ್ದು ಇದೆ-ಇಲ್ಲ ಚಿತ್ರಕ್ಕೆ ಮಾತ್ರ. ಪಠ್ಯಪುಸ್ತಕಕ್ಕೆ ಇದು ಶೋಭಿಸುವುದಿಲ್ಲ ಎಂದರು, ಹಿಂದಿನ ಸಲ ನಕ್ಕಿದ್ದ ಅದೇ ಸದಸ್ಯರು. ಅಧ್ಯಕ್ಷರು ಅವರನ್ನು, ಬೇರೆ ಯಾವ ಪದವಾದರೂ ಕೇಳಿದ ಕೂಡಲೇ ಅರ್ಥವಾಗುತ್ತದೆಯೇ ಹೇಳಿ ಎಂದು ಕೇಳಿ ಕಾದರು. ಮೇಜು ಒಂದೆರಡು ಸಲ ಅಲುಗಿತು. ಪದ ಉಳಿಯಿತು.

ಹತ್ತು ದಿನ ಬಿಟ್ಟು ಮುದ್ರಕ ಸ್ಟುಡಿಯೋಕ್ಕೆ ಫೋನ್ ಮಾಡಿದ. ಗುಬ್ಬಿ ತರಗತಿಯಲ್ಲಿದ್ದಳು, ಹಾಗಾಗಿ ತಿದ್ದಮ್ಮನಿಗೇ ಹೇಳಿದ. ಏಳನೇ ಚಿತ್ರಕ್ಕೆ ಪಿಕ್ಸೆಲ್ ಸಾಲದು, ಪುಟದಗಲಕ್ಕೆ ಎಳೆದರೆ ಒಡೆಯುತ್ತೆ, ಇನ್ನೂ ದಟ್ಟವಾದದ್ದು ಕಳಿಸೋಕೆ ಹೇಳಿ, ಚುಕ್ಕಿ ವಿಷಯ ನನಗೆ ಬಿಡಿ ಎಂದ. ಅವನಿಗೆ ಅದು ದಿನದ ಕೆಲಸದ ಮಾತು, ಹೇಳಿ ಫೋನಿಟ್ಟ. ತಿದ್ದಮ್ಮ ಅವನ ಮಾತುಗಳನ್ನು ಒಂದೂ ಬಿಡದೆ ಚೀಟಿಯ ಮೇಲೆ ಬರೆದು, ಕಂಪ್ಯೂಟರಿನ ಅಂಚಿಗೆ ಅಂಟಿಸಿದಳು.

ಸಂಜೆ ಗುಬ್ಬಿ ಬಂದು ಚೀಟಿ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಚೀಲದಿಂದ ಮುಂದಿನ ಅಧ್ಯಾಯ ತೆಗೆದಳು, ಹಾಳೆಯ ಮೇಲೆ ಹಾಳೆ ಇಟ್ಟು ಚಿತ್ರ ಕಟ್ಟುವ ಪಾಠ, ಎರಡು ಬಣ್ಣ ಒಂದರೊಳಗಿಂದ ಒಂದು ಕಾಣುವ ಪಾಠ. ಇದಕ್ಕಂತೂ ತುಂಬ ಯೋಚನೆ ಮಾಡಿ ಒಳ್ಳೊಳ್ಳೆ ಪದ ಹಾಕಿದೀನಿ, ನೋಡು ಎಂದು ಕೊಟ್ಟಳು.

ತಿದ್ದಮ್ಮ ಕನ್ನಡಕ ಏರಿಸಿಕೊಂಡು ಮೊದಲ ಪುಟದ ಮೂರನೆಯ ಸಾಲಿಗೆ ಬಂದಳು.

"ಇದು ತಪ್ಪು," ಎಂದಳು.

"ಪೂರ್ತಿ ಓದು ಚಿಕ್ಕಮ್ಮ, ಆಮೇಲೆ ಹೇಳು."

"ಪೂರ್ತಿ ಓದ್ತೀನಿ. ಇದು ತಪ್ಪು," ಎಂದು ಪೆನ್ಸಿಲ್ಲಿಗಾಗಿ ಡ್ರಾಯರ್ ತಡಕಿದಳು. ಗುಬ್ಬಿ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ವಾದಕ್ಕೆ ಕೂತಳು.